ನೀರಗಾಡಿಗೊಂದು ಪುಟ

೪ ಫೆಬ್ರವರಿ

ಅಣ್ಣನಿಗೆ ನಮಸ್ಕಾರ.

ಅಪ್ಪ ತೀರಿಕೊಂಡ ವರ್ಷ ನಾನು ಬರೆದದ್ದೇ ನಮ್ಮ ನಡುವಿನ ಕೊನೆಯ ಕಾಗದ. ಮೂರು ವರ್ಷವಾಯಿತು. ಈಗ ಬರೆಯುತ್ತಿರುವುದು ಕುಶಲ ಕೇಳುವುದಕ್ಕಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲಸವಿದೆ.

ನೀರಗಾಡಿಯನ್ನು ಬಿಚ್ಚಿಹಾಕಬೇಕೆಂದು ನಗರಸಭೆಯ ಅಭಿಯಂತರರು ಟಿಪ್ಪಣಿ ಬರೆದಿದ್ದಾರೆ. ಜೂನ್ ಕೊನೆಯ ವಾರದ ಸಭೆಯಲ್ಲಿ ತೀರ್ಮಾನವಾಗುತ್ತದೆ. ಮೊನ್ನೆ ಅವರು ಮೇಲಿನ ನಿಲ್ದಾಣಕ್ಕೆ ಬಂದು, ನನ್ನ ಸ್ಟೂಲಿನ ಮೇಲೆ ಕುಳಿತು, ಬೆವರು ಒರೆಸಿಕೊಂಡು ಹೇಳಿದರು: "ನೋಡಿಮ್ಮಾ, ನನಗೇನೂ ದ್ವೇಷ ಇಲ್ಲ. ಆದ್ರೆ ಇಂಥದ್ದೊಂದು ಇದೆ ಅಂತ ಯಾರಿಗೆ ಗೊತ್ತು ಹೇಳಿ? ಫೋನಲ್ಲಿ ಹುಡುಕಿದೆ, ಒಂದು ಸಾಲು ಸಿಗಲಿಲ್ಲ. ಇಲ್ಲದೇ ಇರೋದನ್ನ ಬಿಚ್ಚಿದ್ರೆ ಯಾರಿಗೇನು ನಷ್ಟ?"

"ಈಗ ನೀವು ಹತ್ತಿ ಬಂದಿದ್ದು ಯಾವುದರಲ್ಲಿ ಹಾಗಾದ್ರೆ?" ಎಂದೆ. ನಕ್ಕರು. ಇಳಿಯುವಾಗಲೂ ಅದರಲ್ಲೇ ಇಳಿದರು.

ಆ ಒಂದು ಸಾಲು ಸಿಗುವಂತೆ ಮಾಡುವವಳೇ ಸರಿ ಎಂದು ನಿಶ್ಚಯಿಸಿದ್ದೇನೆ. ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವೊಂದು ಅಂತರಜಾಲದಲ್ಲಿದೆಯಂತೆ. ನಿಲ್ದಾಣದ ಗೋಡೆಗೆ ಚೀಟಿ ಅಂಟಿಸಿದ್ದೇನೆ: 'ನೀರಗಾಡಿಯ ಕುರಿತು ವಿಶ್ವಕೋಶದಲ್ಲಿ ಲೇಖನ ಬರೆಯಲು ಸ್ವಯಂಸೇವಕರು ಬೇಕು. ಸಂಬಳವಿಲ್ಲ. ಗಾಡಿಯಲ್ಲಿ ಉಚಿತ ಪ್ರಯಾಣವೂ ಇಲ್ಲ.' ಮೊದಲ ಸ್ವಯಂಸೇವಕ ನೀನಾಗಬೇಕು. ಮೂವತ್ತೈದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವನು ನಮ್ಮ ಮನೆಯಲ್ಲೇ ಇರುವಾಗ ನಾನು ಬೇರೆಯವರ ಬಾಗಿಲು ಏಕೆ ತಟ್ಟಲಿ?

ಏನೂ ತಿಳಿಯದವರಿಗೆ ಹೇಳುವಂತೆ ಬರೆದು ನೋಡುತ್ತಿದ್ದೇನೆ. ತಪ್ಪಿದ್ದರೆ ತಿದ್ದು.

'ಗುಡ್ಡದ ಇಳಿಜಾರಿನಲ್ಲಿ ಎರಡು ಹಳಿ, ಎರಡು ಗಾಡಿ. ಒಂದೇ ಉಕ್ಕಿನ ಹಗ್ಗದ ಎರಡು ತುದಿಗಳಿಗೆ ಎರಡನ್ನೂ ಬಿಗಿದಿದೆ. ಹಗ್ಗವು ಮೇಲಿನ ದೊಡ್ಡ ಚಕ್ರವನ್ನು ಬಳಸಿ ಬರುತ್ತದೆ. ಮೇಲಿರುವ ಗಾಡಿಯ ತೊಟ್ಟಿಗೆ ಗುಡ್ಡದ ಊಟೆಯಲ್ಲಿ ಉಕ್ಕುವ ನೀರು ತುಂಬಿದಾಗ ಅದು ಭಾರವಾಗಿ ಇಳಿಯುತ್ತದೆ, ಇಳಿಯುತ್ತಾ ಕೆಳಗಿನ ಗಾಡಿಯನ್ನು ಜನರ ಸಮೇತ ಮೇಲೆಳೆಯುತ್ತದೆ. ವಿದ್ಯುತ್ತಿಲ್ಲ, ಎಣ್ಣೆಯಿಲ್ಲ. ಕೆಳಗಿನವರು ಹತ್ತಿದವರನ್ನು ಎಣಿಸಿ ತಲೆಗೊಂದರಂತೆ ಗಂಟೆ ಹೊಡೆಯುತ್ತಾರೆ. ಮೇಲಿನವರು ಕಿಟಕಿಗೆ ಬೆನ್ನು ಮಾಡಿ ನಿಂತು, ಕಿವಿಗೆ ಬಿದ್ದ ಪೆಟ್ಟಿಗೊಂದು ಪಾಲು ನೀರು ಬಿಡುತ್ತಾರೆ. ನೀರು ಕಡಿಮೆಯಾದರೆ ಗಾಡಿ ಕದಲದು. ಹೆಚ್ಚಾದರೆ'

ಹೆಚ್ಚಾದರೆ ಏನಾಗುವುದೆಂದು ಬರೆಯುವ ಅಗತ್ಯ ಕಾಣುತ್ತಿಲ್ಲ.

ಅತ್ತಿಗೆಗೆ ನಮಸ್ಕಾರ ತಿಳಿಸು.

ಇತಿ,
ತಂಗಿ


೧೯ ಫೆಬ್ರವರಿ

ತಂಗಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ನಾನು ಬರೆಯುವುದಿಲ್ಲ. ನನ್ನ ಹೆಸರು ಎಲ್ಲಿಯೂ ಬರಬಾರದು. ಇದನ್ನು ಎರಡನೆಯ ಸಲ ಹೇಳಿಸಬೇಡ.

ತಿದ್ದಿಕೊಡಬಲ್ಲೆ. ನೀವು ಬರೆದದ್ದನ್ನು ಒಂದು ಬದಿಗೆ ಮಾತ್ರ, ಸಾಲು ಬಿಟ್ಟು ಸಾಲು, ದುಂಡಗಿನ ಅಕ್ಷರದಲ್ಲಿ ಬರೆದು ಅಂಚೆಯಲ್ಲಿ ಕಳುಹಿಸಿ. ಫೋನಿನಲ್ಲಿ ಬಂದದ್ದನ್ನು ನಾನು ಓದುವುದಿಲ್ಲ. ಮುದ್ರಣಾಲಯದ ಹುಡುಗರು ನನ್ನನ್ನು 'ಅರ್ಧವಿರಾಮ' ಎಂದು ಕರೆಯುತ್ತಿದ್ದರು. ನಾನು ಕೋಣೆಗೆ ಬಂದರೆ ಎಲ್ಲರೂ ಅರೆಕ್ಷಣ ನಿಲ್ಲುತ್ತಿದ್ದರಂತೆ, ಪೂರ್ತಿ ನಿಲ್ಲಿಸುವಷ್ಟು ಅಧಿಕಾರ ನನಗಿರಲಿಲ್ಲವಂತೆ. ಆ ಹೆಸರಿಗೆ ಕುಂದು ಬಾರದಂತೆ ಕೆಲಸ ಮಾಡಿಕೊಡುತ್ತೇನೆ.

'ಅತ್ಯಂತ' ಎಂಬ ಪದವನ್ನು ನಿನ್ನ ಸ್ವಯಂಸೇವಕರ ಕೈಗೆ ಸಿಗದಂತೆ ಅಟ್ಟದ ಮೇಲಿಡು. 'ಕಣ್ಮನ ಸೆಳೆಯುವ' ಎಂಬುದನ್ನು ಯಾರಾದರೂ ಬರೆದರೆ ಅವರನ್ನು ಗಾಡಿಯಿಂದ ಇಳಿಸು. ಗಾಡಿಯು ಏನು ಮಾಡುತ್ತದೆಯೋ ಅದನ್ನು ಹೇಳಿದರೆ ಸಾಕು. ಅದು ತನ್ನನ್ನು ತಾನೇ ಹೊಗಳಿಕೊಳ್ಳುತ್ತದೆ.

'ಹೆಚ್ಚಾದರೆ' ಎಂದು ನಿಲ್ಲಿಸಿದ್ದೀಯೆ. ಅಪೂರ್ಣ ವಾಕ್ಯವನ್ನು ನನಗೆ ಕಳುಹಿಸಬಾರದು.

ಇತಿ,
ಅಣ್ಣ


೧೧ ಮಾರ್ಚ್

ಅಣ್ಣನಿಗೆ ನಮಸ್ಕಾರ.

ಚೀಟಿ ಅಂಟಿಸಿ ಮೂರು ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ನಾಲ್ಕನೆಯ ವಾರ ಮೂವರು ಬಂದರು. ಕೆಳಗಿನ ಬೀದಿಯ ಕ್ಷೌರದಂಗಡಿಯವರು, ಹಲ್ಲಿನ ವೈದ್ಯರ ಬಳಿ ಹೆಸರು ಬರೆದುಕೊಳ್ಳುವ ಸಹಾಯಕಿ, ಮತ್ತು ಭೂಗೋಳ ಕಲಿಸಿ ನಿವೃತ್ತರಾದ ಟೀಚರಮ್ಮ. ಟೀಚರಮ್ಮ ಊರುಗೋಲು ಹಿಡಿದು ಬಂದವರು ನನ್ನನ್ನು ಬಹಳ ಹೊತ್ತು ನೋಡಿ, "ನಾನೂ ಬರೀಬಹುದಾ?" ಎಂದರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಕ್ಷೌರದಂಗಡಿಯಲ್ಲೇ ನಮ್ಮ ಕಚೇರಿ. ಮಂಗಳವಾರ ಮಧ್ಯಾಹ್ನ ಗಿರಾಕಿ ಕಡಿಮೆ. ಸಹಾಯಕಿ ತಿರುಗುವ ಕುರ್ಚಿಯಲ್ಲಿ ಕುಳಿತು ಟೈಪು ಮಾಡುತ್ತಾಳೆ, ಕ್ಷೌರಿಕರು ಹಿಂದೆ ನಿಂತು ಬಾಚಣಿಗೆ ಹಿಡಿದುಕೊಂಡೇ ಹೇಳುತ್ತಾರೆ. ನಿನ್ನ ಎಚ್ಚರಿಕೆಯನ್ನು ನಾನು ಓದಿ ಹೇಳುವ ಮೊದಲೇ ಅವರು ಶುರು ಮಾಡಿಬಿಟ್ಟಿದ್ದರು:

"ಬರಿಯಮ್ಮಾ. ಜಗತ್ತಿನ ಅತ್ಯಂತ ಅದ್ಭುತವಾದ, ಕಣ್ಮನ ಸೆಳೆಯುವ..."

"ಜಗತ್ತು ನೋಡಿದ್ದೀರಾ ನೀವು?" ಎಂದಳು ಸಹಾಯಕಿ.

"ಜಗತ್ತಿನ ತಲೆ ಎಲ್ಲಾ ನನ್ನ ಕೈಕೆಳಗೇ ಬಂದು ಹೋಗಿರೋದು. ನೀನು ಬರಿ."

ಬರೆದಳು. ಪುಟ ನಾಲ್ಕು ಗಂಟೆಯ ಕಾಲ ಬದುಕಿತ್ತು. 'ಕೆಂಪು ಪೆನ್ಸಿಲ್' ಎಂಬ ಅಡ್ಡಹೆಸರಿನ ಯಾರೋ ಪರಿಶೀಲಕರು ಅದನ್ನು ಅಳಿಸಿ, 'ಇದು ಪ್ರಚಾರದ ಬರಹ. ಸ್ವತಂತ್ರವಾಗಿ ಪ್ರಕಟವಾದ ಆಧಾರ ಒಂದೂ ಇಲ್ಲ' ಎಂದು ಬರೆದು ಹೋದರು. ಕ್ಷೌರಿಕರಿಗೆ ಎಷ್ಟು ಸಿಟ್ಟು ಬಂತೆಂದರೆ ಗಿರಾಕಿಯೊಬ್ಬರ ಮೀಸೆಯ ಒಂದು ಬದಿ ಗಿಡ್ಡವಾಯಿತು. "ಎಲ್ಲೋ ಕೂತ್ಕೊಂಡು ನಮ್ಮ ಗಾಡಿನ ಅಳಿಸೋಕೆ ಅವನ್ಯಾರು? ಮುಖ ತೋರಿಸ್ಲಿ, ನುಣ್ಣಗೆ ಬೋಳಿಸಿ ಕಳಿಸ್ತೀನಿ."

ಆ ಬರಹದ ಪ್ರತಿಯನ್ನು ಲಗತ್ತಿಸಿದ್ದೇನೆ. ನಾವು ಬಿಡುವವರಲ್ಲ.

ಇತಿ,
ತಂಗಿ


೨೦ ಮಾರ್ಚ್

ತಂಗಿಗೆ ಆಶೀರ್ವಾದ.

ಆ ಕೆಂಪು ಪೆನ್ಸಿಲ್ ಯಾರೇ ಆಗಿರಲಿ, ನನಗೆ ಬೇಕಾದವರು. ಲಗತ್ತಿಸಿದ ಬರಹದಲ್ಲಿ ಇನ್ನೂರ ಹದಿನಾರು ಪದಗಳಿದ್ದವು. ಹೊಗಳಿಕೆಯನ್ನು ಹೊಡೆದುಹಾಕಿದ ಮೇಲೆ ಹನ್ನೊಂದು ಉಳಿದವು. ಆ ಹನ್ನೊಂದರಲ್ಲಿ ಒಂದು ತಪ್ಪು.

ಹಳಿಯ ಉದ್ದವೆಷ್ಟು, ಏರು ಎಷ್ಟು, ಒಂದು ಪಾಲು ನೀರೆಂದರೆ ಎಷ್ಟು, ಕಟ್ಟಿದ್ದು ಯಾವ ವರ್ಷ? ಭೂಗೋಳದವರು ಇದ್ದಾರಲ್ಲ, ಅಳೆಯಲಿ.

ಇನ್ನು ಆಧಾರ. ಪ್ರಕಟವಾದ ಆಧಾರ ಒಂದೂ ಇಲ್ಲವೆಂದು ನೀನು ಹೇಗೆ ಒಪ್ಪಿಕೊಂಡೆ? ಒಂದು ಇದೆ. ಯಾವುದೆಂದು ನಿನಗೆ ಗೊತ್ತು. ಸಾರ್ವಜನಿಕ ಗ್ರಂಥಾಲಯದಲ್ಲಿ ಹಳೆಯ ದಿನಪತ್ರಿಕೆಗಳ ಸಂಪುಟಗಳಿರುತ್ತವೆ. ಮೂವತ್ತಾರು ವರ್ಷದ ಹಿಂದಿನ ಅಕ್ಟೋಬರ್ ತೆಗೆಸು. ಮೂರನೆಯ ಪುಟ, ಎಡಗಡೆಯ ಅಂಕಣ, ಕೆಳಗೆ.

ಅದನ್ನೇ ಹಾಕಿ.

ಇತಿ,
ಅಣ್ಣ


೨ ಏಪ್ರಿಲ್

ಅಣ್ಣನಿಗೆ ನಮಸ್ಕಾರ.

ಗ್ರಂಥಾಲಯಕ್ಕೆ ಹೋಗಿದ್ದೆ. ಆ ವರ್ಷದ ಸಂಪುಟಕ್ಕೆ ಗೆದ್ದಲು ಹಿಡಿದಿದೆ. ಬೇರೆ ಆಧಾರ ಹುಡುಕುತ್ತಿದ್ದೇವೆ.

ಟೀಚರಮ್ಮ ಏರನ್ನು ಅಳೆದರು. ಮೊಳೆ ಹೊಡೆದ ಹಲಗೆಗೆ ದಾರ ಕಟ್ಟಿ, ಸಹಾಯಕಿಯನ್ನು ಹಳಿಯುದ್ದಕ್ಕೂ ಓಡಿಸಿದರು. ನೂರ ನಲವತ್ತೆರಡು ಮೀಟರು ಉದ್ದ, ಮೂರಕ್ಕೆ ಒಂದರ ಏರು. ಇಲ್ಲಿ ಬಿಸಿಲು ಜೋರು. ಊಟೆಯ ನೀರು ಮಾತ್ರ ತಗ್ಗಿಲ್ಲ.

ಇತಿ,
ತಂಗಿ


೧೪ ಏಪ್ರಿಲ್

ತಂಗಿಗೆ ಆಶೀರ್ವಾದ.

ಗೆದ್ದಲು ಅಕ್ಟೋಬರನ್ನು ಮಾತ್ರ ಆರಿಸಿ ತಿನ್ನುವುದಿಲ್ಲ. ಚಿಕ್ಕಂದಿನಲ್ಲಿ ನೀನು ಸುಳ್ಳು ಹೇಳಿದಾಗ ಹವಾಮಾನದ ಮಾತು ಎತ್ತುತ್ತಿದ್ದೆ. ಈಗಲೂ ಬಿಸಿಲಿನ ಸುದ್ದಿ ಬರೆದಿದ್ದೀಯೆ.

ಆ ತುಣುಕು ನನ್ನ ಬಳಿಯಿದೆ. ನಿಘಂಟಿನೊಳಗೆ ಇಟ್ಟಿದ್ದೆ. ಅದರ ಛಾಯಾಪ್ರತಿಯನ್ನು ದಿನಾಂಕ, ಪುಟಸಂಖ್ಯೆಗಳ ಸಮೇತ ನಿನ್ನೆ ಕ್ಷೌರದಂಗಡಿಯ ವಿಳಾಸಕ್ಕೆ, 'ವಿಶ್ವಕೋಶದ ಸ್ವಯಂಸೇವಕರಿಗೆ' ಎಂದು ಬರೆದು ಕಳುಹಿಸಿದ್ದೇನೆ. ನಿನ್ನ ಕೈಗೆ ಕೊಟ್ಟರೆ ಗೆದ್ದಲು ಹಿಡಿಯುತ್ತದೆ ಎಂಬ ಭಯ.

ಜೂನ್ ಹತ್ತಿರ ಬರುತ್ತಿದೆ. ನಾಚಿಕೆಯನ್ನು ಬದಿಗಿಟ್ಟು ಗಾಡಿಯನ್ನು ನೋಡು.

ಇತಿ,
ಅಣ್ಣ


೯ ಮೇ

ಅಣ್ಣ,

ನಿನ್ನ ತುಣುಕು ಕೆಲಸ ಮಾಡಿತು. ಪುಟ ನಿಂತಿದೆ. ನಲವತ್ತು ಸಾಲು, ಒಂದು 'ಅತ್ಯಂತ'ವೂ ಇಲ್ಲ. ಹಳಿಯ ಉದ್ದ, ಏರು, ನೀರಿನ ಲೆಕ್ಕ, ಎಲ್ಲಕ್ಕೂ ಆ ಒಂದು ಸುದ್ದಿಯೇ ಆಧಾರ. ಆ ಕಾಲದ ವರದಿಗಾರ ಗಾಡಿಯ ವಿವರಗಳನ್ನೆಲ್ಲ ಶ್ರದ್ಧೆಯಿಂದ ಬರೆದಿದ್ದ. ಕಳೆದ ಭಾನುವಾರ ಪುಟ ನೋಡಿದ್ದೇವೆಂದು ಹೇಳಿಕೊಂಡು ನಲವತ್ತೊಂದು ಜನ ಬಂದರು. ಒಬ್ಬರು ತೊಟ್ಟಿಗೆ ನೀರು ಬೀಳುವ ಸದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಹೋದರು.

ಈಗ ಆ ಪುಟದ ಇಪ್ಪತ್ತೇಳನೆಯ ಸಾಲನ್ನು ನಿನಗೆ ಬರೆದು ಕಳುಹಿಸುತ್ತಿದ್ದೇನೆ, ನೀನು ನೋಡಿರಲಾರೆ: 'ಕೆಳ ನಿಲ್ದಾಣದ ಗಂಟೆಯವನು ಆರು ಪ್ರಯಾಣಿಕರಿಗೆ ಒಂಬತ್ತು ಪೆಟ್ಟು ಹೊಡೆದ ಕಾರಣ ಗಾಡಿಯು ಅತಿವೇಗದಿಂದ ಏರಿ ತಡೆಗಟ್ಟೆಗೆ ಬಡಿಯಿತು. ಒಬ್ಬ ಪ್ರಯಾಣಿಕರ ಕಾಲು ಮುರಿಯಿತು.'

ನಾನು ಅದನ್ನು ಅಳಿಸಿದೆ. ಕೆಂಪು ಪೆನ್ಸಿಲ್ ಮತ್ತೆ ಹಾಕಿದರು. ಐದು ಸಲ ಅಳಿಸಿದೆ, ಐದು ಸಲ ಹಾಕಿದರು. ಚರ್ಚೆಯ ಪುಟದಲ್ಲಿ, 'ಇದು ಸುಳ್ಳು, ನಾನು ಅಲ್ಲಿದ್ದೆ' ಎಂದು ಬರೆದೆ. 'ನೀವು ಅಲ್ಲಿದ್ದಿರಬಹುದು. ಪ್ರಕಟವಾದ ಆಧಾರ ತನ್ನಿ' ಎಂದು ಉತ್ತರ ಬಂತು. ಅಚ್ಚಾದ ಸುಳ್ಳಿಗೆ ಅಲ್ಲಿ ಕುರ್ಚಿಯಿದೆ. ಅಚ್ಚಾಗದ ನಿಜ ಹೊರಗೆ ನಿಲ್ಲಬೇಕಂತೆ.

ಆದ್ದರಿಂದ ನಾವಿಬ್ಬರೂ ಮೂವತ್ತಾರು ವರ್ಷ ಬಾಯಿ ಬಿಡದೆ ಇದ್ದದ್ದನ್ನು ಮೊದಲು ನಿನಗೇ ಬರೆಯುತ್ತೇನೆ. ನೀನು ಹೊಡೆದದ್ದು ಆರು. ಆರನ್ನೂ ನಾನು ಕೇಳಿದೆ, ಆರು ಪಾಲು ಬಿಟ್ಟೆ. ಕಿಟಕಿಗೆ ಬೆನ್ನು ಮಾಡಿ ನಿಲ್ಲಬೇಕೆಂದು ಅಪ್ಪ ಹೇಳಿಕೊಟ್ಟಿದ್ದು ನೆನಪಿದ್ದೂ ತಿರುಗಿ ನೋಡಿದೆ. ಮೂರು ಜನ ಕೆಳಗೆ ಗಾಡಿಯತ್ತ ಓಡಿ ಬರುತ್ತಿದ್ದರು. ಅವರೂ ಹತ್ತಿದರೆಂದುಕೊಂಡು, ಗಂಟೆಗೆ ಕಾಯದೆ ಇನ್ನೂ ಮೂರು ಪಾಲು ಬಿಟ್ಟೆ. ನೀನು ಅವರನ್ನು ತಡೆದು ನಿಲ್ಲಿಸಿದ್ದೆ. ನಾನು ಕೆಲಸಕ್ಕೆ ಸೇರಿ ಇಪ್ಪತ್ತು ದಿನವಾಗಿತ್ತು.

ವಿಚಾರಣೆಯಲ್ಲಿ "ನಾನೇ ಒಂಬತ್ತು ಹೊಡೆದೆ" ಎಂದು ನೀನು ಹೇಳಿದಾಗ ನಾನು ಬಾಗಿಲ ಬಳಿ ನಿಂತಿದ್ದೆ. ನನ್ನ ತಪ್ಪನ್ನು ತಲೆಯ ಮೇಲೆ ಹೊತ್ತು, ಕೆಲಸ ಕಳೆದುಕೊಂಡು, ಊರು ಬಿಟ್ಟು ಹೋದೆ. ನಾನು ನಿನ್ನನ್ನು ತಡೆಯಲಿಲ್ಲ.

ಈಗ ಆ ಸಾಲನ್ನು ಇರಗೊಡುವುದಿಲ್ಲ.

ತಂಗಿ


೧೬ ಮೇ

ತಂಗಿಗೆ,

ನೀನು ಬರೆದದ್ದರಲ್ಲಿ ನನಗೆ ತಿಳಿಯದಿದ್ದದ್ದು ಒಂದೇ: ನೀನು ತಿರುಗಿ ನೋಡಿದೆ ಎಂಬುದು. ನೀನು ಪೆಟ್ಟುಗಳನ್ನು ತಪ್ಪಾಗಿ ಎಣಿಸಿದೆ ಎಂದುಕೊಂಡಿದ್ದೆ. ನೀನು ಕಣ್ಣಿನಿಂದ ಎಣಿಸಿದೆ. ಅಪ್ಪನಿಗೆ ತಿಳಿದಿದ್ದರೆ ಕಾಲು ಮುರಿದದ್ದಕ್ಕಿಂತ ಅದಕ್ಕೇ ಹೆಚ್ಚು ನೊಂದುಕೊಳ್ಳುತ್ತಿದ್ದರು.

ಈಗ ಕೇಳು. ಆ ಸಾಲು ಇರಲಿ. ಅದನ್ನು ಕಿತ್ತರೆ ಆಧಾರ ಸುಳ್ಳೆಂದಾಗುತ್ತದೆ. ಆಧಾರ ಬಿದ್ದರೆ ಪುಟ ಬೀಳುತ್ತದೆ, ಪುಟ ಬಿದ್ದರೆ ಗಾಡಿ ಬೀಳುತ್ತದೆ. ಗಂಟೆಯವನು ಯಾರೆಂದು ಅಲ್ಲಿ ಹೆಸರಿಲ್ಲ. ಈ ಊರಿನಲ್ಲಿ ಅದನ್ನು ಓದಿ ನನ್ನತ್ತ ಬೆರಳು ತೋರಿಸುವವರು ಯಾರೂ ಇಲ್ಲ.

ನಿನಗೆ ಇನ್ನೂ ಎರಡು ವರ್ಷದ ಸೇವೆಯಿದೆ. ತಪ್ಪು ಮಾಡಿದವಳು ಇಂದಿಗೂ ಅದೇ ನಲ್ಲಿಯ ಮುಂದೆ ನಿಂತಿದ್ದಾಳೆಂದು ತಿಳಿದರೆ ಅಭಿಯಂತರರಿಗೆ ಬೇರೆ ಕಾರಣವೇ ಬೇಡ. ನಿನ್ನನ್ನೂ ಗಾಡಿಯನ್ನೂ ಒಂದೇ ದಿನ ಕಳುಹಿಸುತ್ತಾರೆ.

ಅಣ್ಣನಾಗಿ ಹೇಳುತ್ತಿದ್ದೇನೆ. ಬೇಡ. ಈ ವಿಷಯ ಇಲ್ಲಿಗೆ ಮುಗಿಯಿತು.

ಅಣ್ಣ


೩ ಜೂನ್

ತಂಗಿಗೆ,

ನಿನ್ನ ಉತ್ತರ ಬರಲಿಲ್ಲ. ನೀನು ಉತ್ತರಿಸದಿದ್ದರೆ ಒಪ್ಪಿದ್ದೀಯೆ ಎಂದು ತಿಳಿಯುವಷ್ಟು ನಿನ್ನನ್ನು ಅರಿಯದವನಲ್ಲ. ಏನನ್ನಾದರೂ ಮಾಡುವ ಮೊದಲು ಬರೆ.

ಅಣ್ಣ


೨೮ ಜೂನ್

ಅಣ್ಣನಿಗೆ ನಮಸ್ಕಾರ.

ಮಾಡಿದ ಮೇಲೆ ಬರೆಯುತ್ತಿದ್ದೇನೆ. ಮೊದಲು ಬರೆದಿದ್ದರೆ ನೀನು ರೈಲು ಹತ್ತಿ ಬಂದು ನಿಲ್ಲಿಸುತ್ತಿದ್ದೆ.

ನೀನು ಬೇಡವೆಂದ ಕಾಗದ ಬಂದ ಮಂಗಳವಾರ ಕ್ಷೌರದಂಗಡಿಯಲ್ಲಿ ಮೂವರಿಗೂ ಎಲ್ಲವನ್ನೂ ಹೇಳಿದೆ. ಕ್ಷೌರಿಕರು ಕತ್ತರಿ ಕೆಳಗಿಟ್ಟರು. ಸಹಾಯಕಿ ಪರದೆ ನೋಡುತ್ತಾ ಕುಳಿತಳು. ಟೀಚರಮ್ಮನ ಮುಖ ನೋಡುವುದೇ ಕಷ್ಟವಾಗಿತ್ತು, ಏಕೆಂದರೆ ಅಂದು ಕಾಲು ಮುರಿದದ್ದು ಅವರದು. ನಿನಗೆ ಇದನ್ನು ನಾನು ಬರೆದಿರಲಿಲ್ಲ. ಊರುಗೋಲಿನ ವಿಷಯ ಬರೆದು ಅಲ್ಲಿಗೇ ನಿಲ್ಲಿಸಿದ್ದೆ.

ಟೀಚರಮ್ಮ ಹೇಳಿದರು: "ಗಂಟೆ ಆರೇ ಹೊಡೀತು ಅಂತ ನಾನು ಅವತ್ತೇ ಹೇಳಿದ್ದೆ ಕಣೇ. ಗಾಡಿಯೊಳಗೆ ಕೂತು ಕೇಳಿದವಳು ನಾನು. ಆಸ್ಪತ್ರೆಗೆ ಬಂದ ಅಧಿಕಾರಿ, ನೋವಲ್ಲಿ ಏನೋ ಬಡಬಡಿಸ್ತಿದ್ದಾಳೆ ಅಂತ ಬರ್ಕೊಳ್ಳಲೇ ಇಲ್ಲ."

"ಗೊತ್ತಿದ್ದೂ ನನ್ನ ಜೊತೆ ಕೆಲಸ ಮಾಡಿದ್ರಾ?" ಎಂದೆ.

"ಗೊತ್ತಿದ್ದಕ್ಕೇ ಬಂದೆ. ನೀನು ಯಾವಾಗ ಬಾಯಿ ಬಿಡ್ತೀಯ ನೋಡೋಣ ಅಂತ. ಮೂರು ತಿಂಗಳು ಹಲಗೆ ಹೊತ್ತಿದ್ದೀನಿ, ಇಷ್ಟು ಹೊತ್ತಾ?"

ಮರುದಿನ ಇಬ್ಬರೂ ಪತ್ರಿಕೆಯ ಕಚೇರಿಗೆ ಹೋದೆವು. ಉಪಸಂಪಾದಕರು ತುಣುಕನ್ನು ಎರಡು ಬೆರಳಲ್ಲಿ ಹಿಡಿದು, "ಅಮ್ಮಾ, ಮೂವತ್ತಾರು ವರ್ಷದ ಹಿಂದಿನ ಸುದ್ದಿಗೆ ತಿದ್ದುಪಡಿನಾ? ನಾವು ನಿನ್ನೆಯದಕ್ಕೇ ಹಾಕಲ್ಲ" ಎಂದರು. ಟೀಚರಮ್ಮ ಅವರ ಮೇಜಿನ ಮೇಲೆ ಊರುಗೋಲನ್ನು ಅಡ್ಡ ಇಟ್ಟು, "ಇದು ನಿಮ್ಮ ಸುದ್ದಿಯ ಕಾಲು. ನೋಡ್ಕೊಳ್ಳಿ" ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಸಂಜೆ ನಾಲ್ಕರವರೆಗೆ ಕದಲಲಿಲ್ಲ. ಕೊನೆಗೆ ಒಬ್ಬ ವರದಿಗಾರ್ತಿ ಬಂದು ನಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ ಹೇಳಿದ್ದನ್ನು ಬರೆದುಕೊಂಡಳು, ಗ್ರಂಥಾಲಯಕ್ಕೂ ಹೋಗಿ ಬಂದಳು. ಗೆದ್ದಲಿರಲಿಲ್ಲ. ಜೂನ್ ಹತ್ತರಂದು ಅರ್ಧ ಪುಟ ಬಂತು. 'ಅಣ್ಣನೇ ನನ್ನ ತಪ್ಪನ್ನು ಹೊತ್ತ' ಎಂಬುದೇ ತಲೆಬರಹ. ಹೆಸರು ಹಾಕಬೇಡಿ ಎಂದಿದ್ದೆ, ಹಾಕಿಲ್ಲ.

ಅದೇ ದಿನ ಸಹಾಯಕಿ ಇಪ್ಪತ್ತೇಳನೆಯ ಸಾಲನ್ನು ತಿದ್ದಿದಳು. ಕೆಂಪು ಪೆನ್ಸಿಲ್ ಅಳಿಸಲಿಲ್ಲ. 'ಈಗ ಎರಡು ಆಧಾರಗಳಿವೆ. ಧನ್ಯವಾದಗಳು' ಎಂದು ಬರೆದರು. ಕ್ಷೌರಿಕರು ಅವರನ್ನು ಬೋಳಿಸುವ ಯೋಚನೆ ಬಿಟ್ಟಿದ್ದಾರೆ.

ಇನ್ನು ಸಭೆ. ಇಪ್ಪತ್ತಾರರಂದು ಆಯಿತು. ನೀನು ಹೇಳಿದಂತೆಯೇ ಅಭಿಯಂತರರು ಪತ್ರಿಕೆ ಬಿಡಿಸಿ ಹಿಡಿದು ಎದ್ದರು. "ತಪ್ಪು ಇವರೇ ಒಪ್ಕೊಂಡಿದ್ದಾರೆ. ಗಾಡಿ ಅಪಾಯ ಅಂತ ಇದಕ್ಕಿಂತ ಸಾಕ್ಷಿ ಬೇಕಾ?"

ಅಧ್ಯಕ್ಷರು ನನ್ನನ್ನು ನೋಡಿದರು. ನಾನು ಎದ್ದು ನಿಂತು ಹೇಳಿದೆ: "ಗಾಡಿ ತನಗೆ ಹೇಳಿದ್ದನ್ನ ಮಾಡ್ತು ಸ್ವಾಮಿ. ಆರು ಜನಕ್ಕೆ ಒಂಬತ್ತು ಪಾಲು ಕೊಟ್ಟವಳು ನಾನು. ಬಿಚ್ಚೋದಿದ್ರೆ ನನ್ನನ್ನ ಬಿಚ್ಚಿ. ಹಗ್ಗಕ್ಕೆ, ಚಕ್ರಕ್ಕೆ, ಹಳಿಗೆ ಯಾವ ಆರೋಪ ಇದೆ, ಓದಿ ಹೇಳಿ."

ಅವರು ಪತ್ರಿಕೆಯನ್ನು ಮಡಿಸಿದರು. ಸಭಾಂಗಣದ ಹಿಂದಿನ ಸಾಲುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಜನ ನಿಂತಿದ್ದರು. ಕ್ಷೌರಿಕರು ಅಲ್ಲಿಂದಲೇ, "ಯಾರಿಗೂ ಗೊತ್ತಿಲ್ಲ ಅಂದ್ರಲ್ಲ ಸಾರ್, ಎಣಿಸ್ಕೊಳ್ಳಿ" ಎಂದರು.

ಟಿಪ್ಪಣಿಯನ್ನು ಕೈಬಿಟ್ಟಿದ್ದಾರೆ. ಗಾಡಿ ಇರುತ್ತದೆ. ನನ್ನನ್ನು ಅಂದೇ ಸೇವೆಯಿಂದ ಬಿಡುಗಡೆ ಮಾಡಿದರು. ಹಲ್ಲಿನ ವೈದ್ಯರ ಸಹಾಯಕಿ ಆ ಕೆಲಸ ಬಿಟ್ಟು ಈಗ ನಲ್ಲಿಯ ಕೆಲಸ ಕಲಿಯುತ್ತಿದ್ದಾಳೆ. ಮೊದಲ ದಿನವೇ ಕಿಟಕಿಗೆ ಹಲಗೆ ಹೊಡೆಸಿದೆ.

ಸಿಟ್ಟಾಗಿದ್ದರೆ ಸಿಟ್ಟಾಗಿರು. ನಾನು ವಿಷಾದಪಡುತ್ತಿಲ್ಲ.

ಇತಿ,
ತಂಗಿ


೯ ಆಗಸ್ಟ್

ತಂಗಿಗೆ ಆಶೀರ್ವಾದ.

ಆರು ವಾರ ಉತ್ತರಿಸಲಿಲ್ಲ. ಸಿಟ್ಟಿತ್ತು. ಬೇಡವೆಂದದ್ದನ್ನು ಮಾಡಿದ್ದಕ್ಕೆ ಎಂದು ಮೊದಲು ತಿಳಿದುಕೊಂಡೆ. ಆಮೇಲೆ ಗ್ರಂಥಾಲಯಕ್ಕೆ ಹೋಗಿ, ಅಲ್ಲಿನವರಿಂದ ಗಣಕದಲ್ಲಿ ಪುಟವನ್ನು ತೆಗೆಸಿ ಮೂರು ಸಲ ಓದಿದೆ. ಅಕ್ಷರದ ತಪ್ಪು ಒಂದೂ ಸಿಗಲಿಲ್ಲ. ಸಂಗತಿಯ ತಪ್ಪು ಒಂದು ಸಿಕ್ಕಿತು. ಸಿಟ್ಟು ಅದರ ಮೇಲಿತ್ತು.

'ಮೇಲಿನ ನಿಲ್ದಾಣದ ನಿರ್ವಾಹಕಿಯ ತಪ್ಪನ್ನು ಆಕೆಯ ಅಣ್ಣನಾದ ಗಂಟೆಯವನು ತ್ಯಾಗಬುದ್ಧಿಯಿಂದ ಒಪ್ಪಿಕೊಂಡನೆಂದು ನಂತರ ತಿಳಿದುಬಂತು.' ಇದು ಸುಳ್ಳು. ನನ್ನಿಂದ ಇಷ್ಟು ವರ್ಷ ಉಳಿದ ಸುಳ್ಳು.

ಅಪಘಾತಕ್ಕೆ ಹನ್ನೊಂದು ದಿನ ಮೊದಲು ಮುದ್ರಣಾಲಯದಿಂದ ಕೆಲಸದ ಕರೆ ಬಂದಿತ್ತು. ಅಂಗಿಯ ಒಳಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದೆ. ಹೋಗುತ್ತೇನೆಂದು ಅಪ್ಪನಿಗೆ ಹೇಳುವ ಧೈರ್ಯ ಬಂದಿರಲಿಲ್ಲ. ತಾತನಿಂದ ತಮಗೆ ಬಂದ ಗಂಟೆ ತಮ್ಮ ಮಗನಾದ ನನಗೂ ಬರಬೇಕೆಂದು ಅವರು ತೀರ್ಮಾನಿಸಿದ್ದರು. ನನಗೆ ಆ ಗಂಟೆಯ ಸದ್ದೇ ಬೇಡವಾಗಿತ್ತು. ವಿಚಾರಣೆಯ ಅಧಿಕಾರಿ "ಎಷ್ಟು ಹೊಡೆದೆ?" ಎಂದಾಗ ನನಗೆ ಒಂದು ಬಾಗಿಲು ಕಂಡಿತು. ಒಂಬತ್ತು ಎಂದರೆ ಅಪ್ಪನೂ ತಡೆಯುವಂತಿಲ್ಲ, ನಾನೂ ಹಿಂದಿರುಗುವಂತಿಲ್ಲ. ಒಂಬತ್ತು ಎಂದೆ. ನೀನೂ ಉಳಿದೆ, ಅದು ನಿಜ. ಬಾಗಿಲ ಬಳಿ ನಿನ್ನ ಮುಖವೂ ಕಂಡಿತ್ತು. ಆದರೆ ಯಾವುದು ಮೊದಲು ಕಂಡಿತೆಂದು ಪ್ರಮಾಣ ಮಾಡಿ ಹೇಳಲಾರೆ.

ಆಮೇಲೆ ನೀನು ಒಬ್ಬಳೇ ಅಪ್ಪನನ್ನು ನೋಡಿಕೊಂಡೆ. ಮದುವೆಯ ಮಾತು ಬಂದಾಗಲೆಲ್ಲ ತಳ್ಳಿಹಾಕಿದೆ. ನನಗೆ ಋಣಿಯೆಂದು ತಿಳಿದೇ ಹಾಗೆ ಮಾಡುತ್ತಿದ್ದೀಯೆಂದು ನನಗೆ ಗೊತ್ತಿತ್ತು. ತಿಳಿಯಲಿ ಎಂದು ಬಿಟ್ಟೆ. ಬೇಡವೆಂದು ಮೇ ತಿಂಗಳಲ್ಲಿ ಬರೆದಾಗ ಗಾಡಿಯ ಭಯ ಅರ್ಧ, ಉಳಿದರ್ಧ ಇದರ ಭಯ. ನಿನ್ನ ನಿಜ ಹೊರಬಿದ್ದರೆ ನನ್ನದನ್ನೂ ಯಾರಾದರೂ ಕೇಳಿಯಾರೆಂದು.

ನಿನ್ನ ಅತ್ತಿಗೆಗೆ ಮದುವೆಯ ಮೊದಲೇ ಹೇಳಿದ್ದು ಇಷ್ಟೇ: ಎಣಿಕೆ ತಪ್ಪಿ ಒಬ್ಬರ ಕಾಲು ಮುರಿಸಿದೆ, ಕೆಲಸ ಹೋಯಿತು. ಅಂದಿನಿಂದ ಈ ಮನೆಯಲ್ಲಿ ನಾನು ಎಣಿಸಿದ್ದನ್ನು ಅವಳು ಇನ್ನೊಮ್ಮೆ ಎಣಿಸುತ್ತಾಳೆ. ಅಗಸನಿಗೆ ಹಾಕುವ ಬಟ್ಟೆ, ಪ್ರವಾಸಕ್ಕೆ ಹೊರಟಾಗ ಗಂಟುಮೂಟೆ, ಮಕ್ಕಳು ಚಿಕ್ಕವರಿದ್ದಾಗ ಮಕ್ಕಳನ್ನು ಸಹ. ನನ್ನ ಬೆನ್ನ ಹಿಂದೆ, ನನಗೆ ನೋವಾಗದಂತೆ, ತುಟಿ ಅಲುಗಿಸದೆ. ಗ್ರಂಥಾಲಯದಿಂದ ತಂದ ಪುಟವನ್ನು ಅವಳ ಮುಂದಿಟ್ಟು ಎರಡೂ ನಿಜಗಳನ್ನು ಹೇಳಿದೆ, ನಿನ್ನದು ಮೊದಲು, ನನ್ನದು ಆಮೇಲೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಮಡಿಸಿಟ್ಟಳು.

"ಹಾಗಾದ್ರೆ ನಿಮಗೆ ಎಣಿಸೋಕೆ ಬರುತ್ತೆ ಅಂತಾಯ್ತು" ಎಂದಳು. "ಹೇಳೋಕೆ ಬರಲ್ಲ, ಅಷ್ಟೇ."

ಆ ವಾಕ್ಯಕ್ಕೆ ತಿದ್ದುಪಡಿ ಬೇಕಿಲ್ಲ.

ಆದುದರಿಂದ ಆ ಪತ್ರಿಕೆಯ ಸಂಪಾದಕರಿಗೆ ಒಂದು ಕಾಗದ ಬರೆದಿದ್ದೇನೆ. 'ತ್ಯಾಗಬುದ್ಧಿಯಿಂದ' ಎಂಬುದನ್ನು ಕೈಬಿಡಬೇಕು, ಗಂಟೆಯವನಿಗೆ ಊರು ಬಿಡುವ ಇಚ್ಛೆ ಮೊದಲೇ ಇತ್ತು, ಕರೆಯೋಲೆಯ ದಿನಾಂಕ ಇಂಥದ್ದು ಎಂದು. ಓಲೆಯ ಪ್ರತಿಯನ್ನೂ ಇಟ್ಟಿದ್ದೇನೆ. ಕೆಳಗೆ ನನ್ನ ಪೂರ್ಣ ಹೆಸರು, ವಿಳಾಸ. ಹೆಸರು ಹಾಕಲೇಬೇಕೆಂದು ಬರೆದಿದ್ದೇನೆ. ಅಚ್ಚಾದ ಮೇಲೆ ಕೆಂಪು ಪೆನ್ಸಿಲ್ ಅದನ್ನು ಮೂರನೆಯ ಆಧಾರವೆಂದು ಎಣಿಸಲಿ.

ನೀನು ಬೇಡವೆನ್ನುವೆ. ಅದನ್ನು ಬುಧವಾರವೇ ಅಂಚೆಗೆ ಹಾಕಿದೆ. ಇಂದು ಶುಕ್ರವಾರ.

ಇತಿ,
ಅಣ್ಣ